ನೆರೆನಾಡುಗಳ ಮೇಲಿನ ತೀರ್ಪು: ಹೀಬ್ರೂ ಪ್ರವಾದಿಗಳ ದೈವೋಕ್ತಿಗಳು

ಹೀಬ್ರೂ ಪ್ರವಾದಿಗಳು ಮಾತನಾಡಿದ್ದು ತಮ್ಮ ಜನರ ಬಗ್ಗೆ ಮಾತ್ರವಲ್ಲ. ಇಸ್ರಾಯೇಲ್ ಮತ್ತು ಯೆಹೂದ ಎಂಬ ಎರಡು ಸಣ್ಣ ರಾಜ್ಯಗಳ ಸುತ್ತ ಇದ್ದ ಅರಾಮ್, ಫಿಲಿಷ್ಟಿಯ, ತೂರ್, ಸೀದೋನ್, ಅಮ್ಮೋನ್, ಮೋವಾಬ್, ಎದೋಮ್ ನಾಡುಗಳ ಮೇಲೆಯೂ, ಆಚೆಗಿದ್ದ ಈಜಿಪ್ಟ್, ಕೂಷ್, ಅಶ್ಶೂರ್, ಬಾಬಿಲೋನ್, ಏಲಾಮ್‌ಗಳ ಮೇಲೆಯೂ ಅವರು ತೀರ್ಪು ನುಡಿದಿದ್ದಾರೆ. ಈ ನುಡಿಗಳು ಗ್ರಂಥಗಳಲ್ಲಿ ಚದುರಿಹೋಗದೆ, ಬಹುಮಟ್ಟಿಗೆ ಒಂದೆಡೆ ಗುಂಪಾಗಿ ಕೂಡಿಸಲ್ಪಟ್ಟಿವೆ. ಆಮೋಸನ ಗ್ರಂಥದ 1 ಮತ್ತು 2ನೇ ಅಧ್ಯಾಯಗಳು, ಯೆಶಾಯನ 13ರಿಂದ 23, ಯೆರೆಮೀಯನ 46ರಿಂದ 51, ಯೆಹೆಜ್ಕೇಲನ 25ರಿಂದ 32, ಚೆಫನ್ಯನ 2ನೇ ಅಧ್ಯಾಯ ಇಂಥ ಗುಂಪುಗಳು. ನಹೂಮನ ಗ್ರಂಥ ಪೂರ್ತಿಯಾಗಿ ನಿನೆವೆಯ ಮೇಲಿದೆ. ಓಬದ್ಯನ ಗ್ರಂಥ ಎದೋಮಿನ ಮೇಲಿದೆ. ಮೂರು ದೊಡ್ಡ ಪ್ರವಾದಿ ಗ್ರಂಥಗಳಲ್ಲಿಯೂ ಇಷ್ಟು ಜಾಗ ಪಡೆದಿರುವ ಈ ಪ್ರಕಾರವನ್ನು ಬರೀ ಶತ್ರುದ್ವೇಷದ ಮಾತೆಂದು ತಳ್ಳಿಹಾಕುವಂತಿಲ್ಲ. ಯುದ್ಧಕಾಲದ ಶಾಪವಾಗಿ ಹುಟ್ಟಿದ್ದು ಎಲ್ಲ ಜನಾಂಗಗಳನ್ನು ಅಳೆಯುವ ಅಳತೆಗೋಲಾಗಿ ಮಾರ್ಪಟ್ಟು, ಕೊನೆಗೆ ಅದೇ ಕೋಲು ಸ್ವಜನರತ್ತಲೂ ತಿರುಗಿತು ಎಂಬುದು ಈ ದೈವೋಕ್ತಿಗಳ ಒಟ್ಟು ಚರಿತ್ರೆ.

ಪ್ರಾಚೀನ ಹಿನ್ನೆಲೆ

ಶತ್ರುವಿನ ಹೆಸರು ಹಿಡಿದು ನಾಶವನ್ನು ಸಾರುವ ರೂಢಿ ಇಸ್ರಾಯೇಲ್ಯರದೇ ಅಲ್ಲ. ಈಜಿಪ್ಟಿನ ಮಧ್ಯ ರಾಜ್ಯದ ಕಾಲದಲ್ಲಿ, ಅಂದರೆ ಕ್ರಿ.ಪೂ. ಎರಡನೇ ಸಹಸ್ರಮಾನದ ಮೊದಲ ಶತಮಾನಗಳಲ್ಲಿ, ನುಬಿಯಾ, ಕಾನಾನ್, ಲಿಬಿಯಾಗಳ ಅರಸರ ಮತ್ತು ಊರುಗಳ ಹೆಸರುಗಳನ್ನು ಮಣ್ಣಿನ ಬಟ್ಟಲುಗಳ ಮೇಲೂ ಕೈಕಟ್ಟಿದ ಸೆರೆಯಾಳುಗಳ ಗೊಂಬೆಗಳ ಮೇಲೂ ಬರೆದು, ಅವುಗಳನ್ನು ಒಡೆದು ಹೂಳುವ ವಿಧಿಯಿತ್ತು. ಬರ್ಲಿನ್ನಿನಲ್ಲಿದ್ದ ಇಂಥ ಚೂರುಗಳ ಬರಹವನ್ನು ಕುರ್ಟ್ ಜೇಟ 1926ರಲ್ಲಿಯೂ ಬ್ರಸೆಲ್ಸಿನ ಗೊಂಬೆಗಳ ಬರಹವನ್ನು ಜಾರ್ಜ್ ಪೋಸ್ನೆರ್ 1940ರಲ್ಲಿಯೂ ಪ್ರಕಟಿಸಿದರು. ಆಮೋಸನ ಮೊದಲ ಎರಡು ಅಧ್ಯಾಯಗಳ ವಿನ್ಯಾಸಕ್ಕೆ ಈ ಶಾಪವಿಧಿಯೇ ಮೂಲವೆಂದು ಓಗೆ ಬೆಂಟ್ಸೆನ್ 1950ರಲ್ಲಿ ವಾದಿಸಿದನು. ಆದರೆ ಈಜಿಪ್ಟಿನ ಪಟ್ಟಿಗಳಲ್ಲಿ ಹೆಸರುಗಳಿವೆಯೇ ಹೊರತು ಆ ಜನ ಮಾಡಿದ ಅಪರಾಧದ ವಿವರಣೆಯಿಲ್ಲ. ಆಮೋಸನಲ್ಲಿ ಅಪರಾಧವೇ ಮುಖ್ಯ. ಆದ್ದರಿಂದ ನೇರ ಸಂಬಂಧವನ್ನು ಹೆಚ್ಚಿನ ವಿದ್ವಾಂಸರು ಇಂದು ಒಪ್ಪುವುದಿಲ್ಲ.

ಯೂಫ್ರೆಟಿಸ್ ದಂಡೆಯ ಮಾರಿ ನಗರದಲ್ಲಿ ಸಿಕ್ಕ ಕ್ರಿ.ಪೂ. 18ನೇ ಶತಮಾನದ ಪತ್ರಗಳು ಇನ್ನೂ ಹತ್ತಿರದ ಹೋಲಿಕೆ ಒದಗಿಸುತ್ತವೆ. ಅಲ್ಲಿಯ ಪ್ರವಾದಿಗಳು ದೇವರ ಹೆಸರಿನಲ್ಲಿ ಬಾಬಿಲೋನಿಗೆ ಸೋಲನ್ನು ಸಾರಿ, ಮಾರಿಯ ಅರಸ ಜಿಮ್ರಿಲಿಮನಿಗೆ ಧೈರ್ಯ ತುಂಬುತ್ತಾರೆ. ಆದರೆ ಕೆಲವೇ ವರ್ಷಗಳಲ್ಲಿ ಬಾಬಿಲೋನಿನ ಹಮ್ಮುರಾಬಿಯೇ ಮಾರಿಯನ್ನು ಗೆದ್ದು ಹಾಳುಗೆಡವಿದನು. ಕ್ರಿ.ಪೂ. 7ನೇ ಶತಮಾನದ ನಿನೆವೆಯ ದಾಖಲೆಗಳಲ್ಲಿಯೂ ಅರ್ಬೇಲದ ಇಷ್ಟಾರ್ ದೇವಿ ಅಶ್ಶೂರಿನ ಅರಸ ಎಸರ್‌ಹದ್ದೋನನಿಗೆ ಶತ್ರುನಾಶದ ಭರವಸೆ ಕೊಡುವ ಮಾತುಗಳಿವೆ. ಹೀಬ್ರೂ ಪರಂಪರೆಯೊಳಗೂ ಇದರ ಕುರುಹು ಕಾಣುತ್ತದೆ. ಇಸ್ರಾಯೇಲ್ಯರನ್ನು ಶಪಿಸಲೆಂದು ಮೋವಾಬಿನ ಅರಸ ಬಾಲಾಕನು ಬಿಳಾಮನನ್ನು ಕರೆಸಿದ ಕಥೆ ಅರಣ್ಯಕಾಂಡದಲ್ಲಿದೆ. ಜೋರ್ಡಾನ್ ಕಣಿವೆಯ ದೇರ್ ಅಲ್ಲಾ ಎಂಬಲ್ಲಿ 1967ರಲ್ಲಿ ದೊರೆತ ಗೋಡೆಬರಹವು ಬೆಯೋರನ ಮಗ ಬಿಳಾಮನೆಂಬ ದಿವ್ಯದರ್ಶಿಯನ್ನು ಹೆಸರಿಸುತ್ತದೆ.

ಯುದ್ಧಕ್ಕೆ ಮೊದಲು ಅರಸನು ದೈವದ ಮಾತು ಕೇಳುವುದು, ಪ್ರವಾದಿ ಶತ್ರುವಿನ ಸೋಲನ್ನು ನುಡಿಯುವುದು, ಸೈನ್ಯ ಹೊರಡುವುದು: ಈ ಪ್ರಕಾರದ ಹುಟ್ಟುನೆಲೆ ಇದೇ ಎಂದು ಜಾನ್ ಎಚ್. ಹೇಯ್ಸ್ ಮುಂತಾದವರು ತೋರಿಸಿದ್ದಾರೆ. ಅರಸನ ಪರವಾಗಿ ಹುಟ್ಟಿದ ಇಂಥ ಮಾತನ್ನು ಅರಸೊತ್ತಿಗೆಗೇ ಎದುರಾಗಿ ನಿಲ್ಲಿಸಿದವರು ಕ್ರಿ.ಪೂ. 8ನೇ ಶತಮಾನದ ಪ್ರವಾದಿಗಳು.

ಆಮೋಸ: ಸುತ್ತುಗಟ್ಟಿ ಬಂದ ತೀರ್ಪು

ಆಮೋಸನು ಯೆಹೂದದ ತೆಕೋವ ಎಂಬ ಊರಿನವನು. ಕುರಿ ಸಾಕಿ, ಅತ್ತಿಮರ ನೋಡಿಕೊಂಡಿದ್ದವನು. ಕ್ರಿ.ಪೂ. 760ರಿಂದ 750ರ ಆಸುಪಾಸಿನಲ್ಲಿ, ಎರಡನೇ ಯಾರೊಬ್ಬಾಮನ ಆಳ್ವಿಕೆಯಲ್ಲಿ, ಉತ್ತರದ ಇಸ್ರಾಯೇಲ್ ರಾಜ್ಯಕ್ಕೆ ಬಂದು ಅವನು ನುಡಿದನು. ಅವನ ಗ್ರಂಥ ತನ್ನ ಕಾಲವನ್ನು ಒಂದು ಭೂಕಂಪಕ್ಕೆ ಎರಡು ವರ್ಷ ಮೊದಲು ಎಂದು ಗುರುತಿಸುತ್ತದೆ. ಆ ಕಾಲದ ಕಂಪನಕ್ಕೆ ಸಿಕ್ಕಿ ಓರೆಯಾದ ಗೋಡೆಗಳನ್ನು ಹಾಚೋರಿನ ಉತ್ಖನನದಲ್ಲಿ ಯಿಗಾಯೆಲ್ ಯಾದಿನ್ ಗುರುತಿಸಿದನು.

ಆಮೋಸನ ಮಾತಿನ ಸರಣಿ ದಮಸ್ಕದಿಂದ ಶುರುವಾಗಿ ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್, ಯೆಹೂದಗಳನ್ನು ದಾಟಿ ಇಸ್ರಾಯೇಲಿಗೆ ಬಂದು ನಿಲ್ಲುತ್ತದೆ. ದಮಸ್ಕ ಈಶಾನ್ಯಕ್ಕೆ, ಗಾಜಾ ನೈಋತ್ಯಕ್ಕೆ, ತೂರ್ ವಾಯವ್ಯಕ್ಕೆ, ಎದೋಮ್ ಆಗ್ನೇಯಕ್ಕೆ. ಮೂಲೆಯಿಂದ ಮೂಲೆಗೆ ಗೆರೆ ಎಳೆಯುತ್ತ ವೃತ್ತ ಕಿರಿದಾಗುತ್ತದೆ. ನೆರೆನಾಡುಗಳ ಮೇಲಿನ ಪ್ರತಿಯೊಂದು ತೀರ್ಪೂ ಒಂದೇ ಅಚ್ಚಿನಲ್ಲಿದೆ: ಮೂರು ದ್ರೋಹ, ಹೌದು ನಾಲ್ಕು ಎಂದು ಏರುವ ಸಂಖ್ಯೆಯ ಸೂತ್ರ, ಅಪರಾಧದ ಹೆಸರು, ಅರಮನೆಗಳನ್ನು ಸುಡುವ ಬೆಂಕಿ. ಅಪರಾಧಗಳು ನಿರ್ದಿಷ್ಟವಾಗಿವೆ. ದಮಸ್ಕದವರು ಇಸ್ರಾಯೇಲಿನ ಗಿಲ್ಯಾದ್ ಪ್ರಾಂತವನ್ನು ಕಬ್ಬಿಣದ ಹಲ್ಲುಗಳ ಒಕ್ಕಣೆಯ ಹಲಗೆಗಳಿಂದ ತುಳಿಸಿದರು. ಗಾಜಾದವರು ಊರಿಗೆ ಊರನ್ನೇ ಸೆರೆಹಿಡಿದು ಎದೋಮಿಗೆ ಒಪ್ಪಿಸಿದರು. ತೂರ್ ಸಹೋದರ ಒಪ್ಪಂದವನ್ನು ಮರೆಯಿತು. ಅಮ್ಮೋನ್ಯರು ಗಡಿ ವಿಸ್ತರಿಸಲು ಗಿಲ್ಯಾದಿನ ಬಸುರಿಯರ ಹೊಟ್ಟೆ ಸೀಳಿದರು. ಫಿಲಿಷ್ಟಿಯ ನಗರಗಳ ಪಟ್ಟಿಯಲ್ಲಿ ಗತ್ ಊರಿಲ್ಲ. ಗತ್ ನಗರವಿದ್ದ ತೆಲ್ ಎಸ್ ಸಾಫಿಯ ಉತ್ಖನನ ಇದಕ್ಕೆ ಕಾರಣ ಕೊಡುತ್ತದೆ: ಕ್ರಿ.ಪೂ. 9ನೇ ಶತಮಾನದ ಕೊನೆಯ ಹೊತ್ತಿಗೇ ಅದು ಹಾಳಾಗಿತ್ತು. ಹಾಳುಮಾಡಿದವನು ದಮಸ್ಕದ ಹಜಾಯೇಲನೆಂದು ವಿದ್ವಾಂಸರ ಅಭಿಪ್ರಾಯ.

ಈ ಸರಣಿಯ ಕೀಲು ಮೋವಾಬಿನ ಮೇಲಿನ ಮಾತಿನಲ್ಲಿದೆ. ಮೋವಾಬ್ಯರ ತಪ್ಪು, ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದ್ದು. ಇಲ್ಲಿ ನೊಂದದ್ದು ಇಸ್ರಾಯೇಲ್ ಅಲ್ಲ, ಎದೋಮ್. ಅದೂ ಸ್ವಲ್ಪ ಮೊದಲು ತಾನೇ ಆರೋಪಕ್ಕೆ ಗುರಿಯಾದ ಎದೋಮ್. ಹೆಣಕ್ಕೆ ಮಾಡಿದ ಅವಮಾನ, ಅದೂ ಶತ್ರುವಿನ ಶತ್ರು ಮಾಡಿದ್ದು, ಇಸ್ರಾಯೇಲಿನ ದೇವರಾದ ಯೆಹೋವನ ದೃಷ್ಟಿಯಲ್ಲಿ ಅಪರಾಧವೇ. ಅಂದರೆ ಈ ಆರೋಪಗಳಿಗೆ ಆಧಾರ ಇಸ್ರಾಯೇಲಿಗೆ ಕೊಟ್ಟ ಧರ್ಮಶಾಸ್ತ್ರವಲ್ಲ. ಯುದ್ಧದಲ್ಲಿಯೂ ಮೀರಬಾರದ ಮೇರೆಗಳಿವೆ ಎಂಬ, ಎಲ್ಲ ಜನರೂ ತಿಳಿದಿರಬೇಕಾದ ನಡತೆಯ ಕಟ್ಟಳೆ ಅದು. ಈ ವಾದವನ್ನು ಜಾನ್ ಬಾರ್ಟನ್ 1980ರಲ್ಲಿ ವಿಸ್ತಾರವಾಗಿ ಮಂಡಿಸಿದನು.

ನೆರೆಯವರ ಮೇಲಿನ ಒಂದೊಂದು ತೀರ್ಪಿಗೂ ತಲೆದೂಗುತ್ತಿದ್ದ ಇಸ್ರಾಯೇಲಿನ ಶ್ರೋತೃಗಳಿಗೆ ಎಂಟನೆಯದು ಅವರದೇ ಹೆಸರಿನಲ್ಲಿ ಬಂತು, ಅದೂ ಎಲ್ಲಕ್ಕಿಂತ ಉದ್ದವಾಗಿ. ಅಲ್ಲಿ ಯುದ್ಧದ ಕ್ರೌರ್ಯವಿಲ್ಲ. ಇರುವುದು ಒಂದು ಜೊತೆ ಕೆರಕ್ಕಾಗಿ ಬಡವನನ್ನು ಮಾರುವುದು, ಒತ್ತೆ ತೆಗೆದುಕೊಂಡ ಬಟ್ಟೆಯ ಮೇಲೆ ಬಲಿಪೀಠದ ಬದಿಯಲ್ಲೇ ಒರಗುವುದು, ದಂಡ ಕಟ್ಟಿಸಿದ ದ್ರಾಕ್ಷಾರಸವನ್ನು ಗುಡಿಯಲ್ಲಿ ಕುಡಿಯುವುದು. ಮನೆಯೊಳಗಿನ ಅನ್ಯಾಯ ಹೊರಗಿನ ಯುದ್ಧಾಪರಾಧಕ್ಕೆ ಸಮವಾಗಿ ನಿಂತಿತು. ಗ್ರಂಥದ ಕೊನೆಯಲ್ಲಿ ಆಮೋಸನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ: ಇಸ್ರಾಯೇಲ್ಯರನ್ನು ಈಜಿಪ್ಟಿನಿಂದ ಕರೆತಂದ ದೇವರೇ ಫಿಲಿಷ್ಟಿಯರನ್ನು ಕಫ್ತೋರಿನಿಂದ, ಅರಾಮ್ಯರನ್ನು ಕೀರ್‌ನಿಂದ ಕರೆತಂದವನು. ತೂರ್, ಎದೋಮ್, ಯೆಹೂದಗಳ ಮೇಲಿನ ಮೂರು ಮಾತುಗಳು ಚಿಕ್ಕವು, ಬೇರೆ ಧಾಟಿಯವು. ಅವು ನಂತರ ಸೇರಿದವೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಆದರೂ ಸರಣಿಯ ಗುರಿ ಬದಲಾಗುವುದಿಲ್ಲ.

ಯೆಶಾಯ: ಸೊಕ್ಕು ಮತ್ತು ರಾಜಕಾರಣ

ಯೆಶಾಯನ ಗ್ರಂಥದ ಸಂಗ್ರಹ ಹಲವು ಕಾಲಗಳ ಮಾತುಗಳನ್ನು ಒಳಗೊಂಡಿದೆ. ಕ್ರಿ.ಪೂ. 8ನೇ ಶತಮಾನದ ಯೆಶಾಯನ ಮುಂದಿದ್ದ ಪ್ರಶ್ನೆ ಅಶ್ಶೂರಿನದು. ದಮಸ್ಕ ಕ್ರಿ.ಪೂ. 732ರಲ್ಲಿಯೂ ಉತ್ತರದ ಸಮಾರ್ಯ ಸುಮಾರು 722ರಲ್ಲಿಯೂ ಅಶ್ಶೂರಿಗೆ ಬಿದ್ದಿದ್ದವು. ಈಜಿಪ್ಟನ್ನೂ ಕೂಷ್ ಅರಸರನ್ನೂ ನಂಬಿ ದಂಗೆಯೇಳಲು ಸಣ್ಣ ರಾಜ್ಯಗಳು ಯೆಹೂದವನ್ನು ಕರೆಯುತ್ತಿದ್ದವು. ಆದ್ದರಿಂದ ಫಿಲಿಷ್ಟಿಯ, ಕೂಷ್, ಈಜಿಪ್ಟುಗಳ ಮೇಲಿನ ಯೆಶಾಯನ ಮಾತುಗಳನ್ನು ಯೆರೂಸಲೇಮಿನ ಅರಮನೆಗೆ ಕೊಟ್ಟ ರಾಜತಾಂತ್ರಿಕ ಎಚ್ಚರಿಕೆಗಳೆಂದು ಓದಬಹುದು. 20ನೇ ಅಧ್ಯಾಯ ಇದನ್ನು ಸ್ಪಷ್ಟಗೊಳಿಸುತ್ತದೆ. ಅಷ್ಡೋದ್ ನಗರ ದಂಗೆಯೆದ್ದಾಗ ಪ್ರವಾದಿಯು ಮೂರು ವರ್ಷ ಬೆತ್ತಲೆಯಾಗಿ, ಬರಿಗಾಲಿನಲ್ಲಿ ನಡೆದು, ಈಜಿಪ್ಟಿನವರೂ ಕೂಷಿನವರೂ ಹೀಗೆಯೇ ಸೆರೆಯಾಳುಗಳಾಗಿ ಹೋಗುವರೆಂದು ತೋರಿಸಿದನು. ಆ ದಂಗೆಯನ್ನು ಅಶ್ಶೂರಿನ ಎರಡನೇ ಸರ್ಗೋನನು ಕ್ರಿ.ಪೂ. 711ರಲ್ಲಿ ಹತ್ತಿಕ್ಕಿದ್ದು ಅವನ ಶಾಸನಗಳಲ್ಲಿಯೂ ದಾಖಲಾಗಿದೆ. ಅವನ ವಿಜಯಸ್ತಂಭದ ಚೂರುಗಳು ಅಷ್ಡೋದಿನಲ್ಲೇ ಸಿಕ್ಕಿವೆ.

ಆಮೋಸನಲ್ಲಿ ಕ್ರೌರ್ಯ ಆರೋಪವಾಗಿದ್ದರೆ ಯೆಶಾಯನಲ್ಲಿ ಸೊಕ್ಕು ಆರೋಪ. ಅಶ್ಶೂರ್ ದೇವರ ಕೈಯ ಬೆತ್ತ. ಬೆತ್ತವು ತಾನೇ ಹೊಡೆಯುವವನೆಂದು ಬಗೆದದ್ದು ಅದರ ಅಪರಾಧ. 14ನೇ ಅಧ್ಯಾಯದಲ್ಲಿ ಬಾಬಿಲೋನಿನ ಅರಸನ ಮೇಲಿರುವ ಅಣಕದ ಶೋಕಗೀತೆ ಈ ವಿಚಾರದ ಶಿಖರ. ನಕ್ಷತ್ರಗಳ ಮೇಲೆ ಸಿಂಹಾಸನ ಹಾಕಬಯಸಿದವನು ಪಾತಾಳಕ್ಕೆ ಇಳಿದಾಗ ಮೊದಲೇ ಸತ್ತ ಅರಸರು ಎದ್ದು ಅವನನ್ನು ಹಂಗಿಸುತ್ತಾರೆ. 13ನೇ ಅಧ್ಯಾಯವಂತೂ ಬಾಬಿಲೋನಿನ ಮೇಲೆ ಮೇದ್ಯರು ಎರಗುವುದನ್ನು ಹೇಳುತ್ತದೆ. ಬಾಬಿಲೋನ್ ಸಾಮ್ರಾಜ್ಯವಾಗಿ ಬೆಳೆದದ್ದು ಯೆಶಾಯನಿಗೆ ಒಂದು ಶತಮಾನದ ನಂತರ. ಆದ್ದರಿಂದ ಅದು ನಂತರದ ಕೈಯ ಬರಹವೆಂಬುದು ವಿದ್ವಾಂಸರ ಸಾಮಾನ್ಯ ನಿಲುವು.

ಮೋವಾಬಿನ ಮೇಲಿನ 15 ಮತ್ತು 16ನೇ ಅಧ್ಯಾಯಗಳ ದನಿ ಬೇರೆ. ದೀಬೋನ್, ನೆಬೋ, ಮೇದೆಬ, ಹೆಷ್ಬೋನ್ ಎಂದು ಊರೂರ ಅಳಲನ್ನು ಕೇಳಿಸಿ, ಪ್ರವಾದಿಯ ಹೃದಯವೂ ಮೋವಾಬಿಗಾಗಿ ಮರುಗುವುದನ್ನು ಅವು ಹೇಳುತ್ತವೆ. ಓಡಿಬಂದವರಿಗೆ ಆಸರೆ ಕೊಡುವ ಮಾತೂ ಅಲ್ಲಿದೆ. ಇದೇ ಊರುಗಳಲ್ಲಿ ಕೆಲವು, ದೀಬಾನಿನಲ್ಲಿ 1868ರಲ್ಲಿ ಸಿಕ್ಕಿ ಈಗ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ ಮೇಷ ಅರಸನ ಶಿಲಾಶಾಸನದಲ್ಲಿಯೂ ಬರುತ್ತವೆ. ಕ್ರಿ.ಪೂ. 9ನೇ ಶತಮಾನದ ಆ ಶಾಸನದಲ್ಲಿ ಮೋವಾಬಿನ ದೇವರು ಕೆಮೋಷ್ ತನ್ನ ನಾಡಿನ ಮೇಲೆಯೇ ಮುನಿದದ್ದರಿಂದ ಇಸ್ರಾಯೇಲಿನ ಒಮ್ರಿ ಅದನ್ನು ಬಹುಕಾಲ ಕುಗ್ಗಿಸಿದನೆಂದಿದೆ. ಸೋಲಿಗೆ ಸ್ವಂತ ದೇವರ ಸಿಟ್ಟೇ ಕಾರಣವೆಂಬ ನಂಬಿಕೆ ಗಡಿಯ ಎರಡೂ ಕಡೆ ಇತ್ತು. ಪ್ರವಾದಿಗಳ ಹೊಸತನವೆಂದರೆ ಒಬ್ಬನೇ ದೇವರ ಸಿಟ್ಟಿಗೆ ಎಲ್ಲ ನಾಡುಗಳನ್ನೂ ಒಳಪಡಿಸಿದ್ದು. ಯೆಶಾಯನ ಸಂಗ್ರಹದ 22ನೇ ಅಧ್ಯಾಯ ಇದಕ್ಕೆ ಸಾಕ್ಷಿ: ಪರದೇಶಗಳ ಪಟ್ಟಿಯ ನಡುವೆಯೇ ಯೆರೂಸಲೇಮೂ ಅಪರಾಧಿಯ ಸ್ಥಾನದಲ್ಲಿ ನಿಲ್ಲುತ್ತದೆ.

ಚೆಫನ್ಯ, ನಹೂಮ, ಓಬದ್ಯ

ಕ್ರಿ.ಪೂ. 7ನೇ ಶತಮಾನದ ಚೆಫನ್ಯ ಆಮೋಸನ ಜಾಡನ್ನೇ ಹಿಡಿಯುತ್ತಾನೆ. ಪಶ್ಚಿಮದ ಫಿಲಿಷ್ಟಿಯ, ಪೂರ್ವದ ಮೋವಾಬ್ ಮತ್ತು ಅಮ್ಮೋನ್, ದಕ್ಷಿಣದ ಕೂಷ್, ಉತ್ತರದ ಅಶ್ಶೂರ್ ಎಂದು ನಾಲ್ಕು ದಿಕ್ಕುಗಳನ್ನು ಮುಗಿಸುತ್ತಾನೆ. ನಿನೆವೆ ಹಾಳಾದ ಚಿತ್ರದ ಬೆನ್ನಿಗೇ ಹೆಸರಿಲ್ಲದ ಒಂದು ದಂಗೆಕೋರ ಪಟ್ಟಣಕ್ಕೆ ಅಯ್ಯೋ ಎನ್ನುತ್ತಾನೆ. ಎರಡು ಮೂರು ಸಾಲು ಓದಿದ ಮೇಲಷ್ಟೇ ಅದು ಯೆರೂಸಲೇಮ್ ಎಂದು ತಿಳಿಯುತ್ತದೆ.

ನಹೂಮನಲ್ಲಿ ಈ ತಿರುವಿಲ್ಲ. ಕ್ರಿ.ಪೂ. 663ರಲ್ಲಿ ಅಶ್ಶೂರ್ಯರು ಸೂರೆಗೈದ ಈಜಿಪ್ಟಿನ ಥೀಬ್ಸ್ ನಗರದ ಗತಿಯನ್ನು ನೆನಪಿಸಿ, ನಿನೆವೆಗೂ ಅದೇ ಕಾದಿದೆ ಎನ್ನುತ್ತಾನೆ. ಮೇದ್ಯರೂ ಬಾಬಿಲೋನಿನವರೂ ಕೂಡಿ ಕ್ರಿ.ಪೂ. 612ರಲ್ಲಿ ನಿನೆವೆಯನ್ನು ಕೆಡವಿದರು. ಹೀಗಾಗಿ ನಹೂಮನ ಮಾತಿನ ಕಾಲವನ್ನು ಈ ಎರಡು ವರ್ಷಗಳ ನಡುವೆ ಇಡಲಾಗುತ್ತದೆ. ರಥಗಳ ಗಡಗಡ, ಚಾಟಿಯ ಸಪ್ಪಳ, ಹೆಣಗಳ ರಾಶಿಗಳನ್ನು ಕಿವಿಗೂ ಕಣ್ಣಿಗೂ ತರುವ ಅವನ ಪದ್ಯ ಹೀಬ್ರೂ ಕಾವ್ಯದಲ್ಲಿ ಬಹಳ ಬಿಗಿಯಾದದ್ದು. ಅದು ತುಳಿತಕ್ಕೊಳಗಾದವರ ಹರ್ಷ. ಸ್ವಜನರ ಲೆಕ್ಕವನ್ನು ಅದು ತೆಗೆಯುವುದಿಲ್ಲ.

ಓಬದ್ಯನ ಗ್ರಂಥ ಕೇವಲ 21 ವಚನಗಳದು. ಹೀಬ್ರೂ ಬೈಬಲ್ಲಿನಲ್ಲಿ ಅತಿ ಚಿಕ್ಕದು. ಎದೋಮ್ಯರು ಏಸಾವನ ಸಂತತಿ, ಅಂದರೆ ಇಸ್ರಾಯೇಲ್ಯರ ಮೂಲಪುರುಷ ಯಾಕೋಬನ ಅಣ್ಣನ ಮಕ್ಕಳು. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟಾಗ ಅವರು ದೂರ ನಿಂತು ನೋಡಿದರು, ಓಡುತ್ತಿದ್ದವರನ್ನು ಕವಲುದಾರಿಯಲ್ಲಿ ಹಿಡಿದುಕೊಟ್ಟರು ಎಂಬುದು ಆರೋಪ. ಆ ಕಾಲದ ಗಡಿಭಯಕ್ಕೆ ಅರಾದ್ ಕೋಟೆಯಲ್ಲಿ ಸಿಕ್ಕ ಮಡಕೆಚೂರಿನ ಪತ್ರವೊಂದು ಸಾಕ್ಷಿ: ಎದೋಮ್ಯರು ಬರುವ ಮೊದಲು ರಾಮತ್ ನೆಗೆವಿಗೆ ಸೈನಿಕರನ್ನು ಕಳಿಸಬೇಕೆಂಬ ಆಜ್ಞೆ ಅದರಲ್ಲಿದೆ. ಓಬದ್ಯನ ಹಲವು ಸಾಲುಗಳು ಯೆರೆಮೀಯನ 49ನೇ ಅಧ್ಯಾಯದಲ್ಲಿಯೂ ಇವೆ. ಇಂಥ ದೈವೋಕ್ತಿಗಳು ಒಬ್ಬರಿಂದ ಒಬ್ಬರಿಗೆ ಸಾಗುವ ಸಾಮಾನ್ಯ ಸೊತ್ತಾಗಿದ್ದವೆಂಬುದು ಇದರಿಂದ ತಿಳಿಯುತ್ತದೆ.

ಯೆರೆಮೀಯ: ನೊಗ ಮತ್ತು ಮುಳುಗಿದ ಸುರುಳಿ

ಯೆರೆಮೀಯನು ಜನಾಂಗಗಳಿಗೂ ಪ್ರವಾದಿಯೆಂದು ನೇಮಕಗೊಂಡವನು. ಅವನ ಈಜಿಪ್ಟಿನ ಮೇಲಿನ ಮೊದಲ ಮಾತಿನ ಸಂದರ್ಭ ಕ್ರಿ.ಪೂ. 605ರ ಕರ್ಕೆಮೀಷ್ ಯುದ್ಧ. ಅಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರನು ಫರೋಹ ನೆಕೋವಿನ ಸೈನ್ಯವನ್ನು ಸೋಲಿಸಿದ್ದು ಬಾಬಿಲೋನಿನ ವೃತ್ತಾಂತ ಫಲಕದಲ್ಲಿಯೂ ಇದೆ. ಮರುವರ್ಷ ಫಿಲಿಷ್ಟಿಯರ ಅಷ್ಕೆಲೋನ್ ನಾಶವಾಯಿತು. 25ನೇ ಅಧ್ಯಾಯದಲ್ಲಿ ಪ್ರವಾದಿ ದೇವರ ರೋಷದ ಪಾತ್ರೆಯನ್ನು ಜನಾಂಗದಿಂದ ಜನಾಂಗಕ್ಕೆ ಒಯ್ದು ಕುಡಿಸುತ್ತಾನೆ. ಮೊದಲು ಕುಡಿಯಬೇಕಾದದ್ದು ಯೆರೂಸಲೇಮ್.

ಈ ದೈವೋಕ್ತಿಗಳನ್ನು ಪರದೇಶದವರು ಕೇಳುತ್ತಿದ್ದರೇ ಎಂಬ ಪ್ರಶ್ನೆಗೆ 27ನೇ ಅಧ್ಯಾಯ ಅಪರೂಪದ ಉತ್ತರ ಕೊಡುತ್ತದೆ. ಯೆಹೂದದ ಅರಸ ಚಿದ್ಕೀಯನ ಕಾಲದಲ್ಲಿ ಎದೋಮ್, ಮೋವಾಬ್, ಅಮ್ಮೋನ್, ತೂರ್, ಸೀದೋನ್‌ಗಳ ರಾಯಭಾರಿಗಳು ಯೆರೂಸಲೇಮಿಗೆ ಬಂದಿದ್ದರು. ಯೆರೆಮೀಯನು ಕೊರಳಿಗೆ ನೊಗ ಹೊತ್ತು, ಬಾಬಿಲೋನಿಗೆ ತಲೆಬಾಗಿರೆಂದು ಅವರ ಮೂಲಕ ಅವರ ಅರಸರಿಗೆ ಹೇಳಿಕಳಿಸಿದನು. ಆದರೆ ಚಿದ್ಕೀಯನ ಆಳ್ವಿಕೆಯ ನಾಲ್ಕನೇ ವರ್ಷದಲ್ಲಿ, ಸುಮಾರು ಅದೇ ಸಮಯಕ್ಕೆ, ತನ್ನ ಲಿಪಿಕಾರ ಬಾರೂಕನ ಅಣ್ಣತಮ್ಮನಾದ ಸೆರಾಯನ ಕೈಯಲ್ಲಿ ಬಾಬಿಲೋನಿನ ವಿನಾಶದ ಸುರುಳಿಯೊಂದನ್ನು ಕಳಿಸಿ, ಅಲ್ಲಿ ಓದಿ ಕಲ್ಲು ಕಟ್ಟಿ ಯೂಫ್ರೆಟಿಸ್ ನದಿಗೆ ಎಸೆಯಲು ಹೇಳಿದನೆಂದು 51ನೇ ಅಧ್ಯಾಯ ತಿಳಿಸುತ್ತದೆ. ಎರಡರ ನಡುವೆ ವಿರೋಧವಿಲ್ಲ: ಬಾಬಿಲೋನಿನ ಅಧಿಕಾರ ದೇವರು ಕೊಟ್ಟದ್ದು, ಆದ್ದರಿಂದಲೇ ಅದಕ್ಕೆ ಗಡುವೂ ಉಂಟು.

ಗ್ರಂಥದ ರಚನೆಯ ಚರಿತ್ರೆಗೂ ಈ ಅಧ್ಯಾಯಗಳು ಮುಖ್ಯ. ಸೆಪ್ಟುವಜಿಂಟ್ ಎಂಬ ಪ್ರಾಚೀನ ಗ್ರೀಕ್ ಅನುವಾದದಲ್ಲಿ ಇವು ಕೊನೆಯಲ್ಲಿಲ್ಲ, 25ನೇ ಅಧ್ಯಾಯದ ನಡುವೆ ಇವೆ. ಹೀಬ್ರೂ ಪಾಠ ಈಜಿಪ್ಟಿನಿಂದ ಶುರುವಾಗಿ ಬಾಬಿಲೋನಿನಲ್ಲಿ ಮುಗಿದರೆ, ಗ್ರೀಕ್ ಪಾಠ ಏಲಾಮಿನಿಂದ ಶುರುವಾಗಿ ಮೋವಾಬಿನಲ್ಲಿ ಮುಗಿಯುತ್ತದೆ. ಗ್ರೀಕ್ ಪಾಠ ಒಟ್ಟಿನಲ್ಲಿ ಚಿಕ್ಕದು. ಅಂಥ ಚಿಕ್ಕ ಪಾಠದ ಹೀಬ್ರೂ ತುಣುಕುಗಳು ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿಯೂ ಸಿಕ್ಕಿವೆ. ಎರಡು ಆವೃತ್ತಿಗಳು ಜೊತೆಜೊತೆಗೆ ಬಳಕೆಯಲ್ಲಿದ್ದವು. ಬಾಬಿಲೋನನ್ನು ಕೊನೆಗಿಟ್ಟ ಆವೃತ್ತಿಯಲ್ಲಿ ಎಲ್ಲರಿಗೂ ಶಿಕ್ಷೆ ಕೊಟ್ಟವನು ಕೊನೆಯಲ್ಲಿ ತಾನೇ ಶಿಕ್ಷೆಗೆ ಗುರಿಯಾಗುತ್ತಾನೆ.

ಯೆಹೆಜ್ಕೇಲ: ತೂರ್ ಎಂಬ ಹಡಗು

ಬಾಬಿಲೋನಿಗೆ ಸೆರೆಯಾಗಿ ಹೋದ ಯಾಜಕ ಯೆಹೆಜ್ಕೇಲನ ಸಂಗ್ರಹದಲ್ಲಿ ಏಳು ಜನಾಂಗಗಳಿವೆ: ಅಮ್ಮೋನ್, ಮೋವಾಬ್, ಎದೋಮ್, ಫಿಲಿಷ್ಟಿಯ, ತೂರ್, ಸೀದೋನ್, ಈಜಿಪ್ಟ್. ಬಾಬಿಲೋನ್ ಇಲ್ಲ. ಈ ಸಂಗ್ರಹ ಇಟ್ಟಿರುವ ಜಾಗವೂ ಗಮನಾರ್ಹ. 24ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಮುತ್ತಿಗೆ ಶುರುವಾಗುತ್ತದೆ. ನಗರ ಬಿದ್ದ ಸುದ್ದಿ 33ರಲ್ಲಿ ಬರುತ್ತದೆ. ಕೇಳುಗರು ಕಾಯುತ್ತಿರುವ ಆ ಅವಧಿಯನ್ನು ನೆರೆನಾಡುಗಳ ಮೇಲಿನ ತೀರ್ಪು ತುಂಬುತ್ತದೆ. ಮೊದಲ ನಾಲ್ಕು ಜನಾಂಗಗಳ ಅಪರಾಧ ಯೆಹೂದದ ನಾಶಕ್ಕೆ ಹಿಗ್ಗಿದ್ದು, ಹಗೆ ತೀರಿಸಿಕೊಂಡದ್ದು. ದೊಡ್ಡ ಪಾಲು ತೂರ್ ಮತ್ತು ಈಜಿಪ್ಟಿಗೆ.

27ನೇ ಅಧ್ಯಾಯ ತೂರ್ ನಗರವನ್ನೇ ಹಡಗಾಗಿ ಚಿತ್ರಿಸುತ್ತದೆ. ಅದರ ಕೂವೆಗಂಬ ಲೆಬನೋನಿನ ದೇವದಾರು, ಹುಟ್ಟುಗಳು ಬಾಷಾನಿನ ಓಕ್ ಮರ, ಹಾಯಿ ಈಜಿಪ್ಟಿನ ನಾರುಬಟ್ಟೆ. ನಡುವೆ ವ್ಯಾಪಾರದ ಪಟ್ಟಿ: ತಾರ್ಷೀಷಿನ ಬೆಳ್ಳಿ, ಕಬ್ಬಿಣ, ತವರ, ಸೀಸ, ತೋಗರ್ಮದ ಕುದುರೆ, ಯೆಹೂದದ ಗೋದಿ, ಜೇನು, ಎಣ್ಣೆ, ದಮಸ್ಕದ ದ್ರಾಕ್ಷಾರಸ ಮತ್ತು ಉಣ್ಣೆ, ಶೆಬದ ಸುಗಂಧ ಮತ್ತು ಚಿನ್ನ, ಮನುಷ್ಯರ ಮಾರಾಟವೂ ಇದರಲ್ಲಿ ಸೇರಿದೆ. ಆ ಕಾಲದ ವಾಣಿಜ್ಯದ ಬಗ್ಗೆ ಇಷ್ಟು ವಿವರದ ಬರಹ ಕಡಿಮೆ. ಕೊನೆಗೆ ಮೂಡಣ ಗಾಳಿ ತುಂಬಿದ ಹಡಗನ್ನು ನಡುಗಡಲಲ್ಲಿ ಒಡೆಯುತ್ತದೆ. ಈಜಿಪ್ಟಿನ ಮೇಲಿನ ಮಾತುಗಳಲ್ಲಿ ಫರೋಹನು ನೈಲ್ ತನ್ನದೆನ್ನುವ ಮಹಾಮೊಸಳೆ. ಅವನು ಕೊಕ್ಕೆಗೆ ಸಿಕ್ಕಿ ಬಯಲಿನಲ್ಲಿ ಬೀಳುತ್ತಾನೆ. 32ನೇ ಅಧ್ಯಾಯದಲ್ಲಿ ಅವನು ಪಾತಾಳಕ್ಕಿಳಿದು, ಮೊದಲೇ ಬಂದಿರುವ ಅಶ್ಶೂರ್, ಏಲಾಮ್, ಎದೋಮ್‌ಗಳ ಸಾಲಿನಲ್ಲಿ ಮಲಗುತ್ತಾನೆ.

ನೆರವೇರಿದ್ದು, ನೆರವೇರದ್ದು

ನಿನೆವೆ ಬಿತ್ತು, ಫಿಲಿಷ್ಟಿಯ ನಗರಗಳು ಅಳಿದವು. ಆದರೆ ಎಲ್ಲ ಮಾತುಗಳೂ ನುಡಿದಂತೆ ನಡೆಯಲಿಲ್ಲ. ನೆಬೂಕದ್ನೆಚ್ಚರನು ತೂರ್ ನಗರವನ್ನು ಹದಿಮೂರು ವರ್ಷ ಮುತ್ತಿದನೆಂದು ಇತಿಹಾಸಕಾರ ಜೋಸೆಫಸ್ ಹೇಳುತ್ತಾನೆ. ನಗರ ಸಾಮ್ರಾಜ್ಯಕ್ಕೆ ಮಣಿಯಿತು, ನೆಲಸಮವಾಗಲಿಲ್ಲ. ಇದನ್ನು ಯೆಹೆಜ್ಕೇಲನ ಗ್ರಂಥ ಮುಚ್ಚಿಡುವುದಿಲ್ಲ. ಕ್ರಿ.ಪೂ. 571ರ ತಾರೀಖಿರುವ ಮಾತೊಂದು, ಆ ಸೈನ್ಯಕ್ಕೆ ತೂರ್‌ನಿಂದ ಕೂಲಿ ಗಿಟ್ಟದ್ದರಿಂದ ಅದಕ್ಕೆ ಬದಲಾಗಿ ಈಜಿಪ್ಟನ್ನು ಕೊಡಲಾಗುವುದೆನ್ನುತ್ತದೆ. ದ್ವೀಪದ ತೂರ್ ಯುದ್ಧದಲ್ಲಿ ಬಿದ್ದದ್ದು ಕ್ರಿ.ಪೂ. 332ರಲ್ಲಿ, ಅಲೆಕ್ಸಾಂಡರನು ಸಮುದ್ರಕ್ಕೆ ದಾರಿ ಕಟ್ಟಿ ಏಳು ತಿಂಗಳು ಮುತ್ತಿದ ಮೇಲೆ. ಬಾಬಿಲೋನ್ ಕ್ರಿ.ಪೂ. 539ರಲ್ಲಿ ಪರ್ಷಿಯದ ಅರಸ ಕೊರೇಷನಿಗೆ ಒಲಿದದ್ದು ನಗರದೊಳಗೆ ಕಾಳಗವಿಲ್ಲದೆ. ಅದು ಹಾಳೂರಾದದ್ದು ಶತಮಾನಗಳ ಇಳಿತದಿಂದ. ಊರೆಂಬ ಹೆಸರನ್ನೇ ಕಳೆದುಕೊಳ್ಳುವುದೆಂದು ಯೆಶಾಯನ ಗ್ರಂಥ ನುಡಿದ ದಮಸ್ಕ ಇಂದಿಗೂ ನಗರವೇ.

ಆದರೂ ಸಂಗ್ರಾಹಕರು ಈ ಮಾತುಗಳನ್ನು ತೆಗೆದುಹಾಕಲಿಲ್ಲ. ಮೋವಾಬಿನ ಮೇಲಿನ ಯೆಶಾಯನ ದೈವೋಕ್ತಿಯ ಕೊನೆಯಲ್ಲಿ, ಇದು ಹಿಂದೆ ನುಡಿದ ಮಾತು, ಈಗ ಮೂರು ವರ್ಷದೊಳಗೆ ನಡೆಯುವುದು ಎಂಬ ಸೇರ್ಪಡೆಯಿದೆ. ಹಳೆಯ ಮಾತಿಗೆ ಹೊಸ ಗಡುವು ಕೊಟ್ಟು ಮತ್ತೆ ಬಳಸುತ್ತಿದ್ದರು. ದೈವೋಕ್ತಿಯನ್ನು ಒಂದೇ ಘಟನೆಗೆ ಕಟ್ಟದೆ, ಅಧಿಕಾರದ ನಡೆಯ ಬಗೆಗಿನ ತೀರ್ಪೆಂದು ಗ್ರಹಿಸಿದ್ದರಿಂದ ಅದು ಉಳಿಯಿತು. ಇದೇ ಕಾರಣಕ್ಕೆ ಅದು ಮುಂದೆ ಬೇರೆ ಹೆಸರುಗಳಿಗೂ ಅಂಟಿತು. ಪ್ರವಾದಿ ಹಬಕ್ಕೂಕನು ಹೇಳಿದ ಕಸ್ದೀಯರಲ್ಲಿ, ಅಂದರೆ ಬಾಬಿಲೋನಿನವರಲ್ಲಿ, ಕುಮ್ರಾನಿನ ವ್ಯಾಖ್ಯಾನಕಾರರು ರೋಮನ್ನರನ್ನು ಕಂಡರು. ಹೊಸ ಒಡಂಬಡಿಕೆಯ ಪ್ರಕಟನೆ ಗ್ರಂಥ ಬಾಬಿಲೋನ್ ಮತ್ತು ತೂರ್‌ಗಳ ಮೇಲಿನ ಮಾತುಗಳನ್ನು ಕೂಡಿಸಿ ರೋಮಿನ ಮೇಲೆ ತಿರುಗಿಸಿತು. ಯೆಹೂದಿ ರಬ್ಬಿಗಳಿಗೆ ಎದೋಮ್ ಎಂದರೆ ರೋಮ್ ಆಯಿತು. ಯೆಶಾಯನ 14ನೇ ಅಧ್ಯಾಯ ಬಿದ್ದ ಬೆಳ್ಳಿಚುಕ್ಕಿ ಎಂದು ಕರೆಯುವ ಬಾಬಿಲೋನಿನ ಅರಸ ಕ್ರೈಸ್ತ ಪರಂಪರೆಯಲ್ಲಿ ಸೈತಾನನಾದನು.

ತೀರ್ಪಿನ ಆಚೆ

ಈ ಸಂಗ್ರಹಗಳ ಒಳಗೇ ತೀರ್ಪನ್ನು ದಾಟುವ ಮಾತುಗಳೂ ಇವೆ. ಯೆರೆಮೀಯನ ಹೀಬ್ರೂ ಪಾಠ ಮೋವಾಬ್, ಅಮ್ಮೋನ್, ಏಲಾಮ್‌ಗಳಿಗೆ ಮುಂದಿನ ದಿನಗಳಲ್ಲಿ ಮತ್ತೆ ಏಳಿಗೆ ಬರುವುದೆನ್ನುತ್ತದೆ. ಯೆಶಾಯನ 19ನೇ ಅಧ್ಯಾಯ ಈಜಿಪ್ಟಿನ ನದಿ ಬತ್ತುವ ಮಾತಿನಿಂದ ಶುರುವಾಗಿ, ಈಜಿಪ್ಟಿನಿಂದ ಅಶ್ಶೂರಿಗೆ ಹೆದ್ದಾರಿಯಾಗುವುದನ್ನೂ, ಆ ಎರಡು ಜನಾಂಗಗಳ ಜೊತೆ ಇಸ್ರಾಯೇಲ್ ಮೂರನೆಯ ಪಾಲುದಾರನಾಗಿ ದೇವರ ಆಶೀರ್ವಾದ ಪಡೆಯುವುದನ್ನೂ ಹೇಳಿ ಮುಗಿಯುತ್ತದೆ. ಇಸ್ರಾಯೇಲಿಗಷ್ಟೇ ಮೀಸಲಾಗಿದ್ದ ಪ್ರೀತಿಯ ಬಿರುದು ಅಲ್ಲಿ ಈಜಿಪ್ಟಿಗೂ ಸಲ್ಲುತ್ತದೆ.

ಯೋನನ ಕಥೆ ಈ ಪ್ರಕಾರದ ಮೇಲೆಯೇ ಬರೆದ ವಿಮರ್ಶೆ. ನಿನೆವೆಗೆ ನಾಶವನ್ನು ಸಾರಲು ಹೋದ ಪ್ರವಾದಿಯ ಮಾತು ಕೇಳಿ ಅಲ್ಲಿಯ ಅರಸನೂ ಜನರೂ ಪಶ್ಚಾತ್ತಾಪಪಟ್ಟರು, ತೀರ್ಪು ರದ್ದಾಯಿತು, ಪ್ರವಾದಿಗೆ ಸಿಟ್ಟು ಬಂತು. ಹನ್ನೆರಡು ಕಿರುಪ್ರವಾದಿಗಳ ಒಂದೇ ಸಂಪುಟದಲ್ಲಿ ನಿನೆವೆ ಉಳಿಯುವ ಯೋನನ ಗ್ರಂಥವೂ ನಿನೆವೆ ಉರುಳುವ ನಹೂಮನ ಗ್ರಂಥವೂ ಸೇರಿವೆ. ಸಂಗ್ರಾಹಕರು ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಲಿಲ್ಲ. ಕ್ರೂರ ಸಾಮ್ರಾಜ್ಯಕ್ಕೆ ತೀರ್ಪು ತಪ್ಪದು ಎಂಬುದನ್ನೂ, ತಿದ್ದಿಕೊಂಡರೆ ಅದೇ ತೀರ್ಪು ಹಿಂತೆಗೆಯಲ್ಪಡಬಹುದು ಎಂಬುದನ್ನೂ, ಈ ಎರಡು ನಿಯಮಗಳಿಗೆ ಇಸ್ರಾಯೇಲ್ ಹೊರತಲ್ಲ ಎಂಬುದನ್ನೂ ಅವರು ಒಟ್ಟಿಗೆ ಕಾಪಾಡಿದರು.